ದುರಗವ್ವ ಸಾರಿಸಿದ ಎರಡು ಬಾಗಿಲು

ಉಣಕಲ್ಲು ದಾಟಿ ಮುಂದೆ ಹೋದರೆ ಹಳೆಯ ಕಲ್ಲಿನ ಖಣಿಯ ದಂಡೆಗೆ ಮೂವತ್ತೆರಡು ಮನೆಗಳಿವೆ. ಶಹರದ ಲೆಕ್ಕಕ್ಕೂ ಇಲ್ಲ, ಹಳ್ಳಿಯ ಲೆಕ್ಕಕ್ಕೂ ಇಲ್ಲ. ಈ ಕಚೇರಿಯವರು ಆ ಕಚೇರಿಗೆ ಹೋಗು ಎನ್ನುತ್ತಾರೆ, ಅವರು ಮತ್ತೆ ಇಲ್ಲಿಗೇ ಕಳಿಸುತ್ತಾರೆ. ಇಂಥ ಊರಿನ ಮೊದಲ ಮನೆಯ ದುರಗವ್ವನಿಗೆ ಯಾರ ಮೇಲೂ ನಂಬಿಕೆಯಿಲ್ಲದಿದ್ದರೆ ತಪ್ಪು ಅವಳದೇ? ಹಿಂದೆ ಪೇಟೆಯಲ್ಲಿದ್ದಾಗ ಯಾರೋ ಬಂದು ಅವಳ ಗೋಡೆಗೆ ಕೆಂಪು ಗೆರೆ ಎಳೆದು, ಸುಮ್ಮನೆ ಅಳತೆ, ಹೆದರಬೇಡ ಎಂದಿದ್ದರು. ಎಂಟನೇ ದಿನ ಮನೆ ನೆಲಸಮ. ಅಂದಿನಿಂದ ಹಾಲಿನವನು ಎರಡು ಸಲ ನಕ್ಕರೂ ಅವಳಿಗೆ ಅನುಮಾನ.

ಹೋದ ಚಳಿಗಾಲ ಇಬ್ಬರು ಟೇಪು ಹಿಡಿದು ಬಂದು, ಪ್ರತಿ ಬಾಗಿಲ ಮುಂದೆ ಸುಣ್ಣದ ಪುಡಿಯಿಂದ ಒಂದೊಂದು ದುಂಡು ಹಾಕಿದರು. ದುಂಡು ಇದ್ದಲ್ಲಿ ನೀರಿನ ನಳ ಬರುತ್ತದೆ ಎಂದು ಹೇಳಿ ಹೋದರು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಪಕ್ಕದ ಮನೆಯ ಹುಸೇನಬಿ. ಮೊಣಕಾಲು ಹಿಡಿದುಕೊಂಡ ಮೇಲೆ ಅವಳು ಊರ ಕೊನೆಯ ಬೋರಿನ ತನಕ ನಡೆಯಲಾರದೆ, ಒಂದು ಕೊಡ ನೀರಿಗೆ ಕಂಡವರ ದಾರಿ ಕಾಯುತ್ತಿದ್ದಳು.

"ನಾವು ಯಾ ಊರಿನವರಂತ ಹೇಳಾಕ ಯಾರೂ ತಯಾರಿಲ್ಲ. ನಮಗ ನಳ ಕೊಡ್ತಾರಂತ?" ಎಂದಳು ದುರಗವ್ವ.

ಹುಸೇನಬಿ ನಕ್ಕು ಕೊಡ ತಿಕ್ಕಲು ಕೂತಳು. ಮನೆಯೇ ಹೋಗುವ ಹೊತ್ತಿಗೆ ಈ ಹುಚ್ಚಿ ಕೊಡ ಬೆಳಗುತ್ತಾಳಲ್ಲ ಎಂದುಕೊಂಡಳು ದುರಗವ್ವ.

ಮರುದಿನ ಬೆಳಗ್ಗೆ ಉಳಿದ ಹೆಂಗಸರು ದುಂಡು ಬಿಟ್ಟು ಸುತ್ತಲೂ ಸಗಣಿ ಸಾರಿಸಿದರು. ದುರಗವ್ವ ಮಾತ್ರ ಅವರಿಗಿಂತ ಮೊದಲೇ ಎದ್ದು ತನ್ನ ದುಂಡಿನ ಮೇಲೆ ಎರಡು ಸಲ ಕೈಯಾಡಿಸಿದ್ದಳು. ಉಳಿದ ಸಗಣಿ ನೀರಿನಲ್ಲಿ ಹುಸೇನಬಿಯ ಬಾಗಿಲನ್ನೂ ಸಾರಿಸಿ, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಹೋಗಿದ್ದಳು.

ಮೂರನೇ ದಿನ ಬೇರೆ ಆಳುಗಳು ಬಂದು ಅಗೆದರು. ಖರೇನೇ ನಳ ಬಂತು, ಮೂವತ್ತು ಮನೆಗೆ. ಗುರುತಿಲ್ಲದ ಎರಡು ಮನೆಗಳನ್ನು ಬಿಟ್ಟು ಅವರು ಹೊರಟರು. ಕೇಳಿದರೆ, ತಮಗೆ ಹೇಳಿದ್ದು ಇಷ್ಟೇ ಎಂದರು.

ಗುರುತು ಅಳಿಸಿದವರು ಯಾರು? ಊರು ಒಬ್ಬರ ಮುಖ ಒಬ್ಬರು ನೋಡತೊಡಗಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವಷ್ಟು ದಡ್ಡಿಯಲ್ಲ ದುರಗವ್ವ. ಎಲ್ಲರಿಗಿಂತ ಜೋರಾಗಿ ಅವಳೇ ಬೈದಳು. ಆದರೆ ಅಂದಿನಿಂದ ಹುಸೇನಬಿಯ ಕೊಡವನ್ನು ದಿನಾ ತಾನೇ ತುಂಬಿ ತಂದಿಟ್ಟಳು.

ತಿಂಗಳಾದರೂ ಹುಸೇನಬಿ ಯಾರನ್ನೂ ಬೈಯಲಿಲ್ಲ. ದುರಗವ್ವನಿಗೆ ಅದರ ಮೇಲೂ ಅನುಮಾನ ಬಂತು. ಒಂದು ಬೆಳಗ್ಗೆ ಕೊಡ ಇಳಿಸುತ್ತ, ಯಾರು ಅಳಿಸಿದರೆಂದು ನೀನು ಒಂದು ದಿನವೂ ಕೇಳಲಿಲ್ಲವಲ್ಲ ಎಂದು ಬಾಯಿಬಿಟ್ಟಳು.

"ನಾ ಬಾಗಿಲಿಗೆ ಬರೇ ಕಸಾ ಹೊಡ್ಯಾಕಿ. ಎಂದೂ ಸಗಣಿ ಸಾರಿಸಿದಾಕಿ ಅಲ್ಲ," ಎಂದಳು ಹುಸೇನಬಿ. "ಅವತ್ತ ಬಾಗಿಲಾ ತಗದ್ರ ಸಾರಣಿ ಇನ್ನೂ ಹಸಿ ಇತ್ತು, ದುರಗವ್ವ. ಮಂದಿ ಇನ್ನೂ ಎದ್ದಿರಲಿಲ್ಲ, ನಿನ್ನ ಬಾಗಿಲದ್ದೂ ಹಸಿ ಇತ್ತು."

ದುರಗವ್ವ ಕೊಡ ನೆಲಕ್ಕಿಟ್ಟಳು. ಮತ್ತೆ ಮಂದಿಗೆ ಯಾಕೆ ಹೇಳಲಿಲ್ಲ ಎಂದಳು.

"ನನ್ನ ಮನಿ ಉಳೀಲಿ ಅಂತ ಮಾಡೀದಿ. ಅಷ್ಟು ನಂಬಿಕಿ ಐತಿ ನನಗ ನಿನ್ನ ಮ್ಯಾಲೆ."

ಇದಕ್ಕಿಂತ ನಾಲ್ಕು ಏಟು ಹೊಡೆದಿದ್ದರೆ ಹಗುರವಾಗುತ್ತಿತ್ತು. ದುರಗವ್ವ ಇನ್ನೊಂದು ಕೊಡ ಎತ್ತಿಕೊಂಡಳು. ಮೂವತ್ತು ನಳಗಳನ್ನೂ ದಾಟಿ, ಯಾರ ನಳಕ್ಕೂ ಕೊಡ ಹಿಡಿಯುವ ಮುಖವಿಲ್ಲದೆ, ಬೋರಿನ ಕಡೆಗೇ ನಡೆದಳು.