ಖಾಲಾ ಬಿಚ್ಚಿಕೊಟ್ಟ ಬೂಚುಗಳು

ಬಾವಿಗೆ ಕಟ್ಟಳೆ ಹಾಕಿದವರು ಊರಿನ ಗಂಡಸರು. ಅದರಲ್ಲಿ ಮುಳುಗಿ ಸತ್ತವಳು ನನ್ನ ಅಕ್ಕ. ಊರು ಬಿಟ್ಟು ಹೋಗಬೇಕಾದವಳು ಅವಳಿಗೆ ಈಜು ಕಲಿಸುತ್ತಿದ್ದ ನೆರೆಮನೆಯ ಖಾಲಾ. ಕಟ್ಟಳೆ ಹಾಕಿದವರಲ್ಲಿ ಯಾರೊಬ್ಬರಿಗೂ ಒಂದು ಹೊತ್ತಿನ ಊಟ ತಪ್ಪಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ; ಏಕೆಂದರೆ ಇಂಥ ಕಥೆಗಳನ್ನು ಹೇಳುವಾಗ ಕೊನೆಯಲ್ಲಿ ಎಲ್ಲರೂ ವಿಧಿಯನ್ನು ಕರೆತಂದು ಕೂರಿಸುತ್ತಾರೆ. ನನಗೆ ವಿಧಿಯ ಮೇಲೆ ದೂರಿಲ್ಲ.

ಹೋದ ವಾರ ಮೊಮ್ಮಗಳು ನನ್ನ ಮಂಚದ ಮೇಲೆ ಒಂದು ಚೀಲವನ್ನು ಸುರಿದಳು. ವೈನ್ ಸೀಸೆಗಳ ಬೂಚುಗಳು. ಯಾರ ಯಾರ ಮನೆಯಿಂದಲೋ ಕೂಡಿಟ್ಟು ತಂದಿದ್ದಳು. ಅವುಗಳಿಂದ ಮನೆಯಲ್ಲೇ ಏನೇನು ಮಾಡಬಹುದೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ: ಬಿಸಿ ಪಾತ್ರೆ ಇಡುವ ಮಣೆ, ಬೀಗದ ಕೈ ಗೊಂಚಲು, ಗೋಡೆಗೆ ಚೀಟಿ ಚುಚ್ಚುವ ಹಲಗೆ. ಅವಳು ಉತ್ಸಾಹದಿಂದ ವಿವರಿಸುತ್ತಿದ್ದಳು. ನನ್ನ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಮರದ ತೊಗಟೆಯ, ಸ್ವಲ್ಪ ಹುಳಿಯಾದ, ನೆನೆದು ಒಣಗಿದ ಆ ವಾಸನೆ... ಎಂಬತ್ತು ದಾಟಿದ ನನ್ನನ್ನು ಅದು ಬಾವಿಯ ಮೆಟ್ಟಿಲ ಮೇಲೆ ಕೂರಿಸಿಬಿಟ್ಟಿತು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ನಮ್ಮೂರು ಹೊಸಕೋಟೆಯಿಂದ ಜಡಿಗೇನಹಳ್ಳಿಗೆ ಹೋಗುವ ಗಾಡಿದಾರಿಯ ಪಕ್ಕದಲ್ಲಿತ್ತು. ಎರಡನೇ ಮಹಾಯುದ್ಧದ ಕಾಲ. ನಮ್ಮ ಹಿತ್ತಿಲ ಮೋಟುಗೋಡೆಯ ಆಚೆಗೆ ಖಾಲಾಳ ಮನೆ; ಅವರ ಮಾತಿನಲ್ಲಿ ಚಿಕ್ಕಮ್ಮ ಎಂದರ್ಥ, ಮಕ್ಕಳೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿದ್ದೆವು. ಅವಳ ಗಂಡ ಬೆಂಗಳೂರು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳಿಯ ಅಧಿಕಾರಿಗಳ ಊಟದ ಮನೆಯಲ್ಲಿ, ಬಡಿಸುವ ಕೆಲಸಕ್ಕಿದ್ದ. ಅಲ್ಲಿ ಖಾಲಿ ಸೀಸೆಗಳಿಗೂ ಕಾವಲಿತ್ತು, ಡಬ್ಬಗಳಿಗೂ ಕಾವಲಿತ್ತು. ಬೂಚುಗಳನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ರಜೆಯ ಮೇಲೆ ಬರುವಾಗ ಅವನ ಕೋಟಿನ ಜೇಬುಗಳು ಉಬ್ಬಿರುತ್ತಿದ್ದವು.

ಖಾಲಾ ಅವನ್ನು ಉಪ್ಪುನೀರಿನಲ್ಲಿ ಕುದಿಸಿ, ಮತ್ತೆ ಮತ್ತೆ ತೊಳೆದು, ಸೂರಿನ ಮೇಲೆ ಒಣಹಾಕುತ್ತಿದ್ದಳು. ಹೆಂಡದ ವಾಸನೆ ತನ್ನ ನಮಾಜಿನ ಚಾಪೆಯವರೆಗೆ ಬರಬಾರದೆಂಬುದು ಅವಳ ಕಟ್ಟುನಿಟ್ಟು. ಆಮೇಲೆ ಅವಳ ಕೈಯಲ್ಲಿ ಬೂಚು ಏನು ಬೇಕಾದರೂ ಆಗುತ್ತಿತ್ತು. ಬೇವಿನ ಕಡ್ಡಿಯ ಕಾಲು ಚುಚ್ಚಿದರೆ ಎತ್ತು. ತುದಿಯಲ್ಲಿ ಹೂವು ಕೆತ್ತಿ ಬಣ್ಣಕ್ಕೆ ಅದ್ದಿದರೆ ಲಂಗದ ಅಂಚಿಗೆ ಅಚ್ಚು. ತೆಳ್ಳಗೆ ಹೆಚ್ಚಿ ನಡುವೆ ಬತ್ತಿ ತೂರಿಸಿದರೆ ಎಣ್ಣೆಯ ಮೇಲೆ ತೇಲುವ ದೀಪ. ಬಿಲ್ಲೆಗಳನ್ನು ಗೋಣಿದಾರದಿಂದ ಸುತ್ತಿ ಸುತ್ತಿ ಹೊಲಿದರೆ ಬಿಸಿ ಪಾತ್ರೆಯ ಮಣೆ. ಆ ಮಣೆಗಳು ಊರಿನ ಬಹುತೇಕ ಅಡುಗೆಮನೆಗಳನ್ನು ಸೇರಿದ್ದವು. ಪಟೇಲರ ಮನೆಯಲ್ಲಿ ಹಾಲಿನ ಪಾತ್ರೆ ಅದರ ಮೇಲೆಯೇ ಕೂರುತ್ತಿತ್ತು.

ಊರಿನ ಸೇದುಬಾವಿ ಬೇಸಿಗೆಯಲ್ಲಿ ಬತ್ತುತ್ತಿತ್ತು. ಆಗ ಹೆಂಗಸರೆಲ್ಲ ಪಟೇಲರ ತೋಟದ ಕಪಿಲೆ ಬಾವಿಗೆ ಹೋಗಬೇಕು. ಒಂದು ಬದಿಯಲ್ಲಿ ಎತ್ತುಗಳು ತೊಗಲಿನ ಬಾನಿಯಿಂದ ನೀರೆಳೆಯುತ್ತಿದ್ದವು. ಇನ್ನೊಂದು ಬದಿಯಲ್ಲಿ ಪಾಚಿಗಟ್ಟಿದ ಮೆಟ್ಟಿಲು. ದಲಿತರ ಕೇರಿಯವರಿಗೆ ಆ ಮೆಟ್ಟಿಲೂ ಇರಲಿಲ್ಲ. ಯಾರಾದರೂ ಮನಸ್ಸು ಮಾಡಿ ಸುರಿಯುವವರೆಗೆ ಬೇಲಿಯ ಹೊರಗೆ ಕೊಡ ಇಟ್ಟುಕೊಂಡು ಕಾಯಬೇಕಿತ್ತು. ಅದು ಬೇರೆಯದೇ ಅಪರಾಧ. ಅದನ್ನು ಹೆಸರಿಸದೆ ನಾನು ಮುಂದೆ ಹೋಗಲಾರೆ. ಊರಿನ ಗಂಡುಹುಡುಗರೆಲ್ಲ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಅದೇ ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ಅವರು ಒಂದು ದಿನವೂ ನೀರು ಹೊತ್ತವರಲ್ಲ. ನೀರಿಗಾಗಿ ದಿನವೂ ಇಳಿಯುತ್ತಿದ್ದ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೂ ಈಜು ಬರುತ್ತಿರಲಿಲ್ಲ; ಬರಬಾರದೆಂದೇ ಎಲ್ಲರ ಎಣಿಕೆ.

ಒಂದು ಬೇಸಿಗೆಯಲ್ಲಿ ಕಪಿಲೆ ಹೊಡೆಯುವವನ ಹೆಂಡತಿ ಜಾರಿ ಬಿದ್ದಳು. ಅವಳನ್ನು ಮೇಲೆತ್ತಿದ್ದು ಪಾತಾಳಗರಡಿಯಿಂದ. ಬಾವಿಗೆ ಬಿದ್ದ ಬಿಂದಿಗೆ ಎತ್ತಲು ಹಗ್ಗಕ್ಕೆ ಕಟ್ಟಿ ಇಳಿಬಿಡುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಊರಿಗೆಲ್ಲ ಪಟೇಲರ ಮನೆಯಲ್ಲಿ ಒಂದೇ ಒಂದಿತ್ತು. ಕೊಕ್ಕೆ ಸೀರೆಗೆ ಸಿಕ್ಕಿ, ಆ ತಾಯಿಯ ಹೆಣ ಬಿಂದಿಗೆಯಂತೆಯೇ ನೀರು ಸುರಿಸುತ್ತ ಮೇಲೆ ಬಂತಂತೆ. ಖಾಲಾ ಅದನ್ನು ಕಂಡಳು. ಅಂದಿನಿಂದ ಅವಳು ನಮಗೆ ಎತ್ತು ಮಾಡಿಕೊಡಲಿಲ್ಲ. ಬಂದ ಬೂಚೆಲ್ಲ ಒಂದು ಗೋಣಿಚೀಲಕ್ಕೆ ಹೋಗುತ್ತಿತ್ತು. ನಾವು ಮುನಿಸಿಕೊಂಡೆವು. ಅವಳು ತಲೆ ಎತ್ತಲಿಲ್ಲ.

ಮರುವರ್ಷದ ಬೇಸಿಗೆಗೆ ಈಜು ಕಲಿಸುವ ಪಟ್ಟಿ ಸಿದ್ಧವಾಗಿತ್ತು. ಹಳೆಯ ಜಮಖಾನದ ಬಟ್ಟೆಯಲ್ಲಿ, ಸಿಪಾಯಿಗಳು ಬಂದೂಕಿನ ಗುಂಡು ಸಿಕ್ಕಿಸುವ ತೋಟಾ ಪಟ್ಟಿಯ ಹಾಗೆ, ಸಾಲು ಸಾಲಾಗಿ ಗೂಡು ಹೊಲಿದು ಒಂದೊಂದಕ್ಕೂ ಬೂಚು ತುಂಬಿದ್ದಳು. ಎದೆಯಿಂದ ನಡುವಿನವರೆಗೆ ಸುತ್ತಿ ಹಿಂದೆ ಲಾಡಿ ಬಿಗಿಯಬೇಕು. ಖಾಲಾ ಚಿಕ್ಕಂದಿನಲ್ಲಿ ಕೆರೆಯ ಏರಿಯ ಮೇಲೆ ಬೆಳೆದವಳು. ಅಣ್ಣಂದಿರ ಜೊತೆ ಈಜು ಕಲಿತಿದ್ದಳು. ಮಧ್ಯಾಹ್ನ ಕಪಿಲೆ ಬಿಟ್ಟು ಗಂಡಸರು ಉಂಡು ಮಲಗುವ ಹೊತ್ತಿಗೆ, ಬಟ್ಟೆ ಒಗೆಯುವ ನೆಪದಲ್ಲಿ ಅವಳು ನನ್ನ ಅಕ್ಕನನ್ನು ಕರೆದೊಯ್ಯತೊಡಗಿದಳು. ಅಮ್ಮನಿಗೆ ಗೊತ್ತಿತ್ತು. ಅಪ್ಪನಿಗೆ ಗೊತ್ತಿಲ್ಲದಂತೆ ನೋಡಿಕೊಂಡಿದ್ದಳು. ಅಕ್ಕನಿಗೆ ಆಗ ಹನ್ನೆರಡರ ಸುಮಾರು. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ; ನನ್ನ ಸರದಿ ಅಕ್ಕನದಾದ ಮೇಲೆ.

ಅಕ್ಕ ಮೊದಲ ಸಲ ನೀರಿನ ಮೇಲೆ ಮಲಗಿದಾಗ ಅವಳಿಗೇ ನಂಬಿಕೆಯಾಗಲಿಲ್ಲ.

"ಖಾಲಾ, ನಾನು ಎಮ್ಮೆ ಥರ ತೇಲ್ತಿದೀನಾ?"

"ಎಮ್ಮೆ ಸುಮ್ನೆ ತೇಲ್ತದೆ ಬೇಟಿ. ನಿನ್ಗೆ ಬಾಯೇ ಭಾರ. ಅದನ್ನ ಮುಚ್ಕೊ, ಮೈ ತಾನೇ ಮೇಲೆ ಬರ್ತದೆ."

ಅವಳ ಕಲಿಸುವ ರೀತಿಯೊಂದು ನನಗೆ ಇಂದಿಗೂ ಬೆರಗು. ಪ್ರತಿ ಸಲ ನೀರಿಗಿಳಿಸುವ ಮೊದಲು ಖಾಲಾ ಪಟ್ಟಿಯ ಕೆಲವು ಗೂಡುಗಳ ಹೊಲಿಗೆ ಬಿಚ್ಚಿ ಬೂಚು ತೆಗೆಯುತ್ತಿದ್ದಳು. ಹೀಗೆ ಪಟ್ಟಿ ಹಗುರವಾಗುತ್ತ ಹೋದಂತೆ ಅಕ್ಕನ ಕೈಕಾಲು ತೇಲಿಸುವ ಕೆಲಸವನ್ನು ವಹಿಸಿಕೊಳ್ಳಬೇಕು. ತೆಗೆದ ಬೂಚನ್ನು, ಅಕ್ಕ ನೀರಿನಿಂದ ಮೇಲೆ ಬಂದ ನಂತರ, ದಬ್ಬಣದಿಂದ ಚುಚ್ಚಿ ದಾರಕ್ಕೆ ಪೋಣಿಸಿ ಅಕ್ಕನ ಕೊರಳಿಗೆ ಹಾಕುತ್ತಿದ್ದಳು. ಪಟ್ಟಿ ಪೂರ್ತಿ ಬರಿದಾಗಿ ಸರ ಪೂರ್ತಿ ತುಂಬಿದ ದಿನ ಈಜು ಬಂದಂತೆ. ಅಕ್ಕ ಆ ಸರವನ್ನು ಲಂಗದೊಳಗೆ ಬಚ್ಚಿಟ್ಟುಕೊಂಡು ಮನೆಗೆ ಬಂದು, ಕನ್ನಡಿಯ ಮುಂದೆ ನಿಂತು ಹಾಕಿಕೊಳ್ಳುತ್ತಿದ್ದಳು. ಅವಳ ಮದುವೆಯ ಮಾತು ಆಗಲೇ ನಡೆದಿತ್ತು. ಆದರೆ ಚಿನ್ನದ ಸರಕ್ಕೆ ಅವಳು ಹಾಗೆ ಕಾದದ್ದನ್ನು ನಾನು ಕಾಣೆ.

ಸರ ಅರ್ಧವಾಗಿದ್ದಾಗ ಪಟೇಲರ ತಮ್ಮನ ಮಗ ಬೆಂಗಳೂರಿನಿಂದ ರಜೆಗೆ ಬಂದ. ಇಂಗ್ಲಿಷ್ ಓದುತ್ತಿದ್ದವನು. ಅಡುಗೆಮನೆಯ ಮಣೆಯನ್ನು ತಿರುಗಿಸಿ ನೋಡಿದಾಗ ಒಂದು ಬಿಲ್ಲೆಯ ಮೇಲೆ ದ್ರಾಕ್ಷಿಯ ಗೊಂಚಲು, ಸುತ್ತ ಸುಟ್ಟು ಒತ್ತಿದ ಅಕ್ಷರ. ಅವನು ನಕ್ಕುಬಿಟ್ಟ.

"ದೊಡ್ಡಮ್ಮ, ನಿಮ್ಮ ಮಡಿ ಹಾಲು ದೊರೆಗಳ ವೈನಿನ ಮೇಲೆ ಕೂತದೆ."

ತಮಾಷೆ ಅಲ್ಲಿಗೇ ಮುಗಿಯಬಹುದಿತ್ತು. ಅದು ಪಟೇಲರ ಕಿವಿಗೆ ಬಿತ್ತು. ತಮ್ಮ ಮನೆಯ ನಗೆಪಾಟಲನ್ನು ಮುಚ್ಚಲು ಅವರಿಗೆ ಊರಿನ ದೊಡ್ಡದೊಂದು ಪಾಪ ಬೇಕಾಗಿತ್ತು. ಯಾರೋ ಬಾವಿಯ ಸುದ್ದಿ ಎತ್ತಿದರು. ಸಂಜೆಯೇ ಅರಳೀಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. ಕುಡಿಯುವ ನೀರಿಗೆ ಹೆಂಡದ ಬೂಚು ಇಳಿಬಿಟ್ಟಿದ್ದಾಳೆ; ಅದೂ ಊರ ಹೆಣ್ಣುಮಕ್ಕಳನ್ನು ಮೈ ನೆನೆಸಿ ಕುಣಿಸುತ್ತಿದ್ದಾಳೆ. ಇದು ಆರೋಪ. ಸುತ್ತಲ ಹಳ್ಳಿಗಳ ಹೆಂಡದ ಗುತ್ತಿಗೆ ಪಟೇಲರ ತಮ್ಮನದೇ ಆಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಅರ್ಧ ಜನ ಅವನ ಹೆಂಡದಂಗಡಿಯಿಂದಲೇ ಎದ್ದು ಬಂದಿದ್ದರು. ಅದನ್ನು ಯಾರೂ ಎತ್ತಲಿಲ್ಲ. ಖಾಲಾಳನ್ನು ಕರೆಸಿದರು. ಅವಳು ಸೆರಗನ್ನು ತಲೆಗೆಳೆದುಕೊಂಡು ನಿಂತಳು.

"ಬೂಚು ಕುಡಿಯಲ್ಲ ಪಟೇಲ್ರೇ, ಕುಡಿಯೋದು ಮನುಷ್ಯ. ಬೂಚು ಬಾಟ್ಲಿ ಬಾಯಿ ಮುಚ್ಕೊಂಡು ಕೂತಿತ್ತು, ಅಷ್ಟೇ. ಒಂದೇ ಒಂದು ಬೇಸ್ಗೆ ಬಿಡಿ. ಮಕ್ಳು ಉಳೀತಾವೆ."

"ಮಕ್ಕಳನ್ನ ಉಳಿಸೋಕೆ ದೇವ್ರವ್ನೆ," ಎಂದರು ಪಟೇಲರು. "ಇನ್ ಮೇಲೆ ಆ ಬಾವಿ ಮೆಟ್ಲು ನೀನು ತುಳೀಬಾರ್ದು."

ಪಟ್ಟಿಯನ್ನು ಕಿತ್ತುಕೊಂಡು ಹೋಗಿ ಪಟೇಲರ ಬಚ್ಚಲೊಲೆಗೆ ಹಾಕಿದರು. ಬಾವಿಗೆ ಗಂಜಲ ಚಿಮುಕಿಸಿ ಶುದ್ಧಿ ಮಾಡಿದರು. ನನ್ನ ಅಪ್ಪ ಕಟ್ಟೆಯ ಮೇಲೆ ಕೂತಿದ್ದೂ ಒಂದು ಮಾತಾಡಲಿಲ್ಲ; ಮನೆಗೆ ಬಂದು, ಊರಲ್ಲಿ ಬಾಳಬೇಕಲ್ಲ ಎಂದಷ್ಟೇ ಅಂದ. ಬಾಳಬೇಕೆಂದವರ ಆ ಮೌನವನ್ನೂ ನಾನು ಅಪರಾಧವೆಂದೇ ಬರೆಯುತ್ತೇನೆ. ಅಮ್ಮ ನಮ್ಮ ಮನೆಯ ಮಣೆಯನ್ನು ತಿಪ್ಪೆಗೆ ಎಸೆದಳು. ಸರವನ್ನು ಎಸೆಯಲಿಲ್ಲ.

ಮುಂಗಾರು ಬರುವ ಮೊದಲಿನ ದಿನಗಳು. ಅಂದು ಹೊಸಕೋಟೆಯ ಸಂತೆ. ಗಂಡಸರು, ಈಜು ಬಲ್ಲ ಹುಡುಗರು, ಎಲ್ಲರೂ ಗಾಡಿ ಹತ್ತಿ ಹೋಗಿದ್ದರು. ನಾನು ಜ್ವರ ಬಂದು ಮಲಗಿದ್ದೆ. ಅಕ್ಕ ಬಿಂದಿಗೆ ಹಿಡಿದು ಹೋದಳು. ಸ್ವಲ್ಪ ಹೊತ್ತಿಗೆ ಓಡುವ ಹೆಜ್ಜೆಯ ಸದ್ದು ಕೇಳಿಸಿತು. ಪಟೇಲರ ತೋಟ ಕಾಯುತ್ತಿದ್ದ ಮುದುಕ. ಖಾಲಾ ತನ್ನ ಬಾಗಿಲಲ್ಲಿ ನಿಂತು ಕೂಗಿ ಕೇಳಿದ್ದು ನನಗೆ ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು.

"ಯಾಕ್ ತಾತಾ, ಎಲ್ಲಿಗೆ ಓಡ್ತೀಯಾ?"

"ಪಾತಾಳಗರಡಿ... ಪಾತಾಳಗರಡಿ ಬೇಕು."

ಅವಳು ಬಿಂದಿಗೆ ಬಿದ್ದಿದೆಯೆಂದು ತಿಳಿದಳು. ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು. ಅವನು ಮತ್ತೊಂದು ಮಾತು ಹೇಳದೆ ಅವಳ ಬಾಗಿಲು ದಾಟಿ ಪಟೇಲರ ಮನೆಯತ್ತ ಓಡಿದ. ಆ ಹೊತ್ತಿನಲ್ಲಿ ಊರಿನಲ್ಲಿ ಈಜು ಬಲ್ಲ ಒಂದೇ ಜೀವ ಆ ಬಾಗಿಲಲ್ಲಿ ನಿಂತಿತ್ತು. ಆದರೆ ಅವಳಿಗೆ ಬಾವಿಯ ಮೆಟ್ಟಿಲು ನಿಷಿದ್ಧ. ಆ ಕಟ್ಟಳೆ ಮುದುಕನ ಮೈಯಲ್ಲಿ ಎಷ್ಟು ಇಳಿದಿತ್ತೆಂದರೆ, ಅವಳನ್ನು ಕರೆಯಬಹುದೆಂಬುದೇ ಅವನಿಗೆ ಹೊಳೆಯಲಿಲ್ಲ. ಜೀವವಿದ್ದ ಹುಡುಗಿಗೆ ಅವನು ಹೆಣ ಎತ್ತುವ ಕೊಕ್ಕೆ ತರಲು ಹೋದ.

ಅವನು ಕೊಕ್ಕೆ ಹೊತ್ತು ಅಳುತ್ತ ವಾಪಸು ಬಂದಾಗ ಖಾಲಾ ಅವನ ಮುಖ ನೋಡಿದಳು. ಆಮೇಲೆ ಅವಳು ಓಡಿದ್ದು, ಯಾರನ್ನೂ ಕೇಳದೆ ಹಾರಿದ್ದು, ಅಕ್ಕನನ್ನು ಮೆಟ್ಟಿಲಿಗೆ ಎಳೆದುತಂದು ಬೋರಲು ಹಾಕಿ ಬೆನ್ನೊತ್ತಿದ್ದು, ಎಲ್ಲವನ್ನೂ ಅಲ್ಲಿದ್ದ ಹೆಂಗಸರು ಹೇಳಿದರು. ಹೊತ್ತು ಮೀರಿತ್ತು. ಅಕ್ಕ ಬಿದ್ದ ಕೂಡಲೇ ಮುಳುಗಿರಲಿಲ್ಲವಂತೆ. ಬಾಯಿ ಮುಚ್ಚಿಕೊಂಡು, ಅಂಗಾತ ಮಲಗಿ, ಬಹಳ ಹೊತ್ತು ತೇಲಿದ್ದಳಂತೆ. ಆಮೇಲೆ ನೆನೆದ ಲಂಗ ಎಳೆಯಿತೋ, ಕಾಲು ಸೋತಿತೋ...

ಬಾವಿಗೆ ಮತ್ತೊಮ್ಮೆ ಶುದ್ಧಿಯಾಯಿತು. ಸಾವಿನ ಮೈಲಿಗೆಗೆ ಎಂದರು. ಖಾಲಾ ಇಳಿದದ್ದಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು.

ತಿಂಗಳೊಳಗೆ ಅವಳು ದಂಡಿಗೆ, ಗಂಡನ ಬಳಿಗೆ, ಹೊರಟುಹೋದಳು. ಹೊರಡುವ ಮುನ್ನ ಹಿತ್ತಿಲ ಗೋಡೆಯ ಬಳಿ ನಿಂತಳು. ಅಮ್ಮ ಈಚೆ, ಅವಳು ಆಚೆ.

"ಅರ್ಧ ಬೂಚಲ್ಲೇ ತೇಲ್ತಿದ್ಲು ಅಮ್ಮಾ ನಿಮ್ ಮಗ್ಳು," ಎಂದಳು ಖಾಲಾ. "ಇನ್ನರ್ಧ ತೆಗೆಯೋಕೆ ಬಿಡ್ಲಿಲ್ಲ."

ನಾನು ಓದಲು ಬೆಂಗಳೂರಿಗೆ ಹೋದಾಗ ದಂಡಿನ ಗಲ್ಲಿಗಳಲ್ಲಿ ಅವಳನ್ನು ಹುಡುಕಿದೆ. ಯುದ್ಧ ಮುಗಿದಿತ್ತು, ದೊರೆಗಳು ಹೋಗಿದ್ದರು, ಅವರ ಊಟದ ಮನೆ ಮುಚ್ಚಿತ್ತು. ನನಗೆ ಅವಳ ಹೆಸರೇ ತಿಳಿದಿರಲಿಲ್ಲ. ಖಾಲಾ ಎಂದರೆ ಪ್ರತಿ ಬಾಗಿಲಲ್ಲೂ ಒಬ್ಬಳು ಖಾಲಾ. ನನ್ನ ಸರದಿ ಬರಲೇ ಇಲ್ಲ. ನನಗೆ ಇಂದಿಗೂ ಈಜು ಬಾರದು.

ಅಮ್ಮ ಸಾಯುವ ಮುನ್ನ ಸರವನ್ನು ನನ್ನ ಕೈಗಿತ್ತಳು. ಈಗ ಅದು ಮೊಮ್ಮಗಳ ಬೂಚುಗಳ ಪಕ್ಕದಲ್ಲಿದೆ. ಮುಟ್ಟಿದರೆ ಪುಡಿ ಉದುರುತ್ತದೆ. ದ್ರಾಕ್ಷಿಯ ಗೊಂಚಲು ಒಂದೆರಡರಲ್ಲಿ ಮಾತ್ರ ಉಳಿದಿದೆ. ಮಣೆ ಮಾಡೋಣವೇ ಅಜ್ಜಿ ಎಂದು ಅವಳು ಕೇಳಿದಾಗ ನಾನು ಹಳೆಯ ಜಮಖಾನ ತರಲು ಹೇಳಿದೆ. ಗೂಡು ಹೊಲಿಯುತ್ತಿದ್ದೇವೆ. ದಾರ ಅವಳೇ ಪೋಣಿಸಿಕೊಡುತ್ತಾಳೆ.

ಆ ಕಪಿಲೆ ಬಾವಿಯನ್ನು ಎಂದೋ ಮುಚ್ಚಿದರು. ಅದೇ ತೋಟದಲ್ಲಿ ಈಗ ಕೃಷಿಹೊಂಡವಿದೆ. ನಾಲ್ಕೂ ಬದಿಗೆ ಕರಿಯ ಪ್ಲಾಸ್ಟಿಕ್ ಹಾಸು. ಪಾಚಿಯ ಮೆಟ್ಟಿಲಿಗಿಂತ ಜಾರು, ಹಿಡಿಯಲು ಒಂದು ಗರಿಕೆಯೂ ಇಲ್ಲ. ಸುತ್ತ ಬೇಲಿಯಿಲ್ಲ. ಇಂಥವುಗಳಿಂದ ಮಕ್ಕಳನ್ನು ಎತ್ತಿದ ಸುದ್ದಿ ಓದಿದಾಗಲೆಲ್ಲ ಅದರಲ್ಲಿ 'ಕಾಲು ಜಾರಿ' ಎಂದಿರುತ್ತದೆ. ಬೇಲಿಯಿಲ್ಲದೆ ಎಂದಿರುವುದಿಲ್ಲ.

ಆದ್ದರಿಂದ ಹೊಂಡಗಳಿಗೆ ಮಂಜೂರಾತಿ ಕೊಡುವ ಅಧಿಕಾರಿಗಳೇ, ಅವುಗಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವ ಪಂಚಾಯಿತಿಯ ಸದಸ್ಯರೇ, ನಿಮ್ಮಿಂದ ಸಂತಾಪ ಬೇಡ. ಮುಂದಿನ ಮಳೆಗಾಲದೊಳಗೆ ಪ್ರತಿ ಹೊಂಡಕ್ಕೂ ಬೇಲಿ ಹಾಕಿಸಿ. ದಡದಿಂದ ದಡಕ್ಕೆ ಬೆಂಡು ಕಟ್ಟಿದ ಹಗ್ಗ ಬಿಗಿಸಿ. ಅದಿಲ್ಲದ ಹೊಂಡಕ್ಕೆ ಮಂಜೂರಾತಿ ಕೊಡಬೇಡಿ. ಊರಿನ ಪ್ರತಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಈಜು ಕಲಿಸಿ, ಪಟ್ಟಿಯ ಕೊನೆಯ ಬೂಚು ತೆಗೆಯುವವರೆಗೂ ಕಲಿಸಿ. ಅರ್ಧಕ್ಕೆ ನಿಲ್ಲಿಸಬೇಡಿ. ಅರ್ಧ ಕಲಿತವಳು ಎಷ್ಟು ಹೊತ್ತು ತೇಲುತ್ತಾಳೆಂದು ನಮ್ಮ ಊರು ಒಮ್ಮೆ ದಡದಲ್ಲಿ ನಿಂತು ನೋಡಿದೆ.