ಅಪ್ಪಯ್ಯನ ನಾಲಿಗೆ ಒಣಗಿದ ವರ್ಷ

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಅಪ್ಪಯ್ಯನ ನಾಲಿಗೆಗೆ. ಅಪ್ಪಯ್ಯನಿಗೂ ಇತ್ತು, ಆದರೆ ನಾಲಿಗೆಯ ತರುವಾಯ. ಹಂದನಕೆರೆ, ಕಂದಿಕೆರೆ ಕಡೆಯ ತೋಟದವರು ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸುವ ಮೊದಲು ಉಂಡೆಯಂಥ ಇಡೀ ಗಿಟುಕೊಂದನ್ನು ಒಡೆದು ಅಪ್ಪಯ್ಯನ ಕೈಗೆ ಕೊಡುತ್ತಿದ್ದರು. ಅವರು ಚೂರೊಂದನ್ನು ಕಣ್ಣು ಮುಚ್ಚಿ ಅಗಿದು, "ಅಟ್ಟದಲ್ಲೇ ಒಣಗೈತೆ, ಸಿಹಿ ಐತೆ" ಅಂದರೆ ಮುಗಿಯಿತು. "ಅವಸರಕ್ಕೆ ಇಳಿಸವ್ರೆ" ಅಂದರೂ ಮುಗಿಯಿತು. ಹೈಕೋರ್ಟಿನ ಮೇಲೂ ಅಪೀಲು ಉಂಟು. ಈ ನಾಲಿಗೆಯ ಮೇಲೆ ಇರಲಿಲ್ಲ.

ವಯಸ್ಸು ಎಪ್ಪತ್ತರ ಹತ್ತಿರ ಬಂದಾಗ ಒಂದು ದಿನ ತಲೆ ಸುತ್ತಿ ಕೊಟ್ಟಿಗೆಯಲ್ಲೇ ಕುಸಿದು ಕೂತರು. ಚಿಕ್ಕನಾಯಕನಹಳ್ಳಿಯ ಡಾಕ್ಟರು ರಕ್ತದೊತ್ತಡವೆಂದು ಮಾತ್ರೆ ಕೊಟ್ಟರು. ಮಾತ್ರೆ ತನ್ನ ಕೆಲಸ ಮಾಡಿತು. ಯಾರೂ ಹೇಳದಿದ್ದ ಇನ್ನೊಂದು ಕೆಲಸವನ್ನೂ ಮಾಡಿತು: ಬಾಯಿ ಒಣಗಿಸಿತು. ಮುದ್ದೆ ಗಂಟಲಿನಲ್ಲಿ ಸತ್ಯಾಗ್ರಹ ಹೂಡಿತು. ಎಲೆಅಡಿಕೆ ಒಣಹುಲ್ಲಾಯಿತು. ಮಾತಿನ ನಡುವೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು 'ಚಟ್' ಎಂದು ಬಿಡಿಸಿಕೊಳ್ಳುತ್ತಿತ್ತು.

"ನಾನೂ ಅಟ್ಟದ ಮೇಲಿನ ಕಾಯಿ ಆದೆ ಕಣ್ಲಾ. ನೀರು ಇಂಗೋಯ್ತು. ಇನ್ನು ಅಲ್ಲಾಡ್ಸಿದ್ರೆ ಗಡಗಡ ಅನ್ನೋದೊಂದು ಬಾಕಿ" ಎಂದು ನನ್ನೆದುರು ನಕ್ಕರು. ಅಮ್ಮ ನಗಲಿಲ್ಲ. ಬಾಯಿಗೆ ಇರಲಿ ಎಂದು ಬೆಲ್ಲದ ಚೂರು ಕೊಟ್ಟಳು. ಅದರಿಂದ ಹಲ್ಲುನೋವೂ ಸೇರಿಕೊಂಡಿತು.

ಆ ದಿನಗಳಲ್ಲೇ ಅವರ ಬಾಲ್ಯದ ಗೆಳೆಯರೊಬ್ಬರು ತಮ್ಮ ತೋಟದ ಗಿಟುಕು ತಂದರು. ಅಪ್ಪಯ್ಯ ಬಹಳ ಹೊತ್ತು ಅಗಿದರು.

"ಹೊಟ್ಟು."

"ಏನಂದೆ? ವರ್ಸ ತುಂಬೋಗಂಟ ಅಟ್ಟದ ಮೇಲಿಟ್ಟಿದ್ದೀನಿ ಕಣಯ್ಯಾ!"

"ಹೊಟ್ಟು ಅಂದ್ನಲ್ಲ, ಬುಡು."

ಗೆಳೆಯರು ಕಾಫಿ ಮುಟ್ಟದೆ ಎದ್ದು ಹೋದರು. ಅವರು ಬೀದಿ ತಿರುಗುವವರೆಗೆ ಕಾದು ಅಮ್ಮ ತಟ್ಟೆಯಲ್ಲಿ ಉಳಿದ ಚೂರನ್ನು ಬಾಯಿಗೆ ಹಾಕಿಕೊಂಡಳು. "ಕಲ್ಸಕ್ಕರೆ ಇದ್ದಂಗೈತೆ. ಏನಾಗೈತೆ ನಿಮ್ಗೆ?"

ಅಪ್ಪಯ್ಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಮಾರನೆಯ ದಿನದಿಂದ ಮಾತ್ರೆಯನ್ನು ಅಂಗೈಗೆ ಹಾಕಿಸಿಕೊಂಡು, ಹಿತ್ತಿಲಿಗೆ ಹೋಗಿ, ತೆಂಗಿನ ಬುಡಕ್ಕೆ ಅರ್ಪಿಸತೊಡಗಿದರು. ಆ ಮರಕ್ಕೆ ಈವರೆಗೆ ರಕ್ತದೊತ್ತಡ ಬಂದಿಲ್ಲ. ಕೆಲವೇ ದಿನಗಳಲ್ಲಿ ಬಾಯಿಗೆ ನೀರು ಬಂತು. ಸಾರಿನಲ್ಲಿ ಉಪ್ಪು ಹೆಚ್ಚೆಂಬ ಹಳೆಯ ದೂರೂ ಮರಳಿತು. ಔಷಧಿ ಮೈಗೆ ಒಗ್ಗಿತೆಂದು ನಾವು ಹಿಗ್ಗಿದೆವು.

ಒಂದು ಬೆಳಿಗ್ಗೆ ಮೂಗಿನಿಂದ ರಕ್ತ ಸುರಿಯಿತು. ತಲೆ ಹಿಡಿದುಕೊಂಡು ಜಗಲಿಯ ಮೇಲೆ ಒರಗಿದರು. ಯಾರದೋ ಜೀಪಿನಲ್ಲಿ ಕರೆದೊಯ್ಯುವಾಗ ದಾರಿಯುದ್ದಕ್ಕೂ ಅಮ್ಮನ ಸೆರಗು ಅವರ ಮೂಗಿನ ಮೇಲಿತ್ತು.

ರಕ್ತ ನಿಂತ ಮೇಲೆ ಅಪ್ಪಯ್ಯ ಮಾತ್ರೆಯ ಸಂಗತಿ ಬಾಯಿಬಿಟ್ಟರು. ಡಾಕ್ಟರು ರೇಗಿದರು. "ಬಾಯಿ ಒಣಗ್ತದೆ ಅಂತ ನನಗೆ ಹೇಳಬಾರದಿತ್ತಾ ಯಜಮಾನ್ರೇ? ನೀವೇ ನಿಲ್ಲಿಸಿದ್ರೆ ಪ್ರಾಣಕ್ಕೇ ಸಂಚಕಾರ."

"ಪ್ರಾಣ ಇಟ್ಕೊಂಡು ಏನ್ಮಾಡ್ಲಿ ಸ್ವಾಮಿ, ನಾಲಿಗೇನೇ ಇಲ್ದಿದ್ರೆ?"

"ನನಗೆ ಬೇಕು ಕಣ್ರೀ ನಿಮ್ಮ ಪ್ರಾಣ" ಎಂದಳು ಅಮ್ಮ. ಡಾಕ್ಟರು ಚೀಟಿ ಎಳೆದುಕೊಂಡರು.

ಮಾತ್ರೆ ಬದಲಾಯಿತು. ಬೆಲ್ಲ, ಹೊಗೆಸೊಪ್ಪು ಬಂದ್ ಆದವು; ಗಳಿಗೆಗೊಂದು ಗುಟುಕು ನೀರು ಕುಡಿಯಬೇಕೆಂದಾಯಿತು. ಮುದ್ದೆ ಸಾರಿನಲ್ಲಿ ಈಜುತ್ತಾ ಒಳಗಿಳಿಯಿತು. ಒಣಗುವುದು ಕಡಿಮೆಯಾಯಿತು. ರುಚಿ ಮಾತ್ರ ಪೂರ್ತಿ ಮರಳಲಿಲ್ಲ.

ಸುಧಾರಿಸಿಕೊಂಡ ಮೇಲೆ ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಗೆಳೆಯರ ಮನೆಗೆ ಹೋದರು. "ಕೆಟ್ಟಿದ್ದು ನಿನ್ ಕೊಬ್ರಿ ಅಲ್ಲ ಕಣಯ್ಯಾ, ನನ್ ಬಾಯಿ" ಎಂದರು. ಗೆಳೆಯರು ಅಟ್ಟ ಹತ್ತಿ ಒಂದು ಗಿಟುಕು ತಂದು ಒಡೆದು, ಅಭ್ಯಾಸಬಲದಿಂದ ಅವರಿಗೇ ಚಾಚಿದರು. ಅಪ್ಪಯ್ಯ ಅದನ್ನು ಮೂಸಿ, ತಿರುಗಿಸಿ ನೋಡಿ, ಅಮ್ಮನ ಕೈಗಿಟ್ಟರು.

ಅಮ್ಮ ಅಗಿದಳು. ಅಪ್ಪಯ್ಯ ಅವಳ ದವಡೆಯನ್ನೇ ನೋಡುತ್ತಿದ್ದರು.

"ಸಿಹಿ ಐತೆ" ಎಂದಳು.

ಅಪ್ಪಯ್ಯ ತಂಬಿಗೆ ಎತ್ತಿ ಒಂದು ಗುಟುಕು ಕುಡಿದು, ಗೆಳೆಯರತ್ತ ತಿರುಗಿ ಹೇಳಿದರು: "ಸಿಹಿ ಐತಂತೆ."