ಅವ್ವಗೆ ತೀರಿತು

ಬದುಕಿದ್ದ ಅಜ್ಜಿಗಾಗಿ ಸಾವಿನ ಸ್ನಾನ ಮಾಡಿದವನು ನಾನು. ಅದೂ ಪುಷ್ಯಮಾಸದ ಬೆಳಗಿನಲ್ಲಿ, ಮೈಸೂರಿನ ವಿದ್ಯಾರ್ಥಿನಿಲಯದ ತೊಟ್ಟಿಯ ತಣ್ಣೀರಿನಲ್ಲಿ, ಉಟ್ಟ ಬಟ್ಟೆಯ ಸಮೇತ. ಈ ಸಂಗತಿ ಆಗಲೇ ಗೊತ್ತಿದ್ದ ಇಬ್ಬರು ಮೂವರನ್ನು ಬಿಟ್ಟು ಇನ್ಯಾರಿಗೂ ಅದನ್ನು ಹೇಳದೆ ಬಚ್ಚಿಟ್ಟುಕೊಂಡಿದ್ದೆ. ಹೆಸರಿನ ಪಕ್ಕದಲ್ಲಿ ಕನ್ನಡ ಎಂ.ಎ. ಎಂದು ಬರೆದುಕೊಳ್ಳುವವನು ಒಂದು ಕ್ರಿಯಾಪದವನ್ನು ಓದಲಾರದೆ ನೆಗಡಿ ತಂದುಕೊಂಡನೆಂದು ತಿಳಿದರೆ ಅವನ ಪಾಠ ಕೇಳುವವರು ಯಾರು? ನೀವು ನನ್ನ ಬಳಿ ಕನ್ನಡ ಕಲಿಯಲು ಬಂದವರಲ್ಲ, ಆದ್ದರಿಂದ ಹೇಳುತ್ತೇನೆ.

ಮೊದಲು ಆ ಕ್ರಿಯಾಪದದ ವಿಚಾರ. ಕೆಲಸವಿಲ್ಲದ ಸುಖವಾದ ಹೊತ್ತಿಗೆ ಕನ್ನಡದಲ್ಲಿ ಬಿಡುವು ಎನ್ನುತ್ತೇವೆ. ಪುರುಸೊತ್ತು ಎಂದೂ ಎನ್ನುತ್ತೇವೆ; ಅದು ಯಾವುದೋ ಸುಲ್ತಾನನ ಕುದುರೆಯ ಹಿಂದೆ ನಡೆದು ಬಂದು ನಮ್ಮಲ್ಲೇ ಉಳಿದುಕೊಂಡ ಮಾತು. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ನಮಗೆ ಈ ಎರಡೂ ಸಾಲದೆ ತೆಲುಗಿನವರಿಂದ ಇನ್ನೊಂದು ಬಂದಿದೆ: ತೀರಿಕ. ಕೆಲಸವೆಲ್ಲ ಮುಗಿದು ಕೈ ಖಾಲಿಯಾದರೆ ನಮ್ಮವರು 'ನನಗೆ ತೀರಿತು' ಎನ್ನುತ್ತಾರೆ. ಉಳಿದ ಕನ್ನಡದಲ್ಲಿ ಆಸೆ ತೀರುತ್ತದೆ, ಬಾಯಾರಿಕೆ ತೀರುತ್ತದೆ, ಕಡೆಗೆ ಮನುಷ್ಯನೂ ತೀರಿಕೊಳ್ಳುತ್ತಾನೆ. ಧಾತು ಒಂದೇ. ನಮ್ಮ ಕಡೆಯವರಿಗೆ ತೀರಿದ ಮೇಲೆ ಮನುಷ್ಯ ಉಳಿಯುತ್ತಾನೆ, ಉಳಿದ ಕನ್ನಡದವರಿಗೆ ಅವನೂ ಉಳಿಯುವುದಿಲ್ಲ. ಇದನ್ನು ನಾನು ಈಗ ಬಹಳ ಜಾಣನಂತೆ ವಿವರಿಸುತ್ತೇನೆ. ಬೇಕಾಗಿದ್ದಾಗ ಮಾತ್ರ ಹೊಳೆಯಲಿಲ್ಲ.

ನಮ್ಮದು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ. ಹಳೆಯ ದೊಡ್ಡ ಕೆರೆ, ಅದರ ಬೆನ್ನಿಗೆ ಬೋಳು ಬಂಡೆಯ ಬೆಟ್ಟ, ನಡುವೆ ನಮ್ಮ ರಾಗಿ ಹೊಲ. ಹೆತ್ತವರನ್ನು ನಾನು ಕಂಡದ್ದು ನೆನಪಿಲ್ಲ. ನನ್ನನ್ನು ಸಾಕಿದವಳು ತಂದೆಯ ತಾಯಿ. ನಮ್ಮ ಕಡೆ ಅಜ್ಜಿಗೆ ಅವ್ವ ಎನ್ನುವುದು ವಾಡಿಕೆ, ಹಾಗಾಗಿ ಅವಳು ನನಗೆ ಅವ್ವ. ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಎದುರಿಗೇ ಆ ಬೆಟ್ಟ. ಮದುವೆಯಾಗಿ ಬಂದ ದಿನದಿಂದ ಅದನ್ನು ನೋಡುತ್ತಿದ್ದವಳು ಒಂದು ಸಲವೂ ಹತ್ತಿರಲಿಲ್ಲ. ಬೇಸಿಗೆಯಲ್ಲಿ ಬಂಡೆ ಕಾಲು ಸುಡುತ್ತದೆ, ಮಳೆಗಾಲದಲ್ಲಿ ಜಾರುತ್ತದೆ. ಉಳಿದದ್ದು ಚಳಿಗಾಲ, ಆಗ ರಾಗಿ ಕೊಯ್ಲು, ಒಕ್ಕಣೆ, ಈಯುವ ಹಸು. ಎಲ್ಲ ಮುಗಿಯುವ ಹೊತ್ತಿಗೆ ಮತ್ತೆ ಬಂಡೆ ಕಾದಿರುತ್ತಿತ್ತು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಒಂದು ವರ್ಷ ನಾನು ಎಂ.ಎ.ಗೆಂದು ಮೈಸೂರಿಗೆ ಹೊರಟಾಗ ಅವ್ವನ ಎಡಗಣ್ಣಿಗೆ ಪೊರೆ ಪೂರ್ತಿ ಮುಚ್ಚಿತ್ತು. ಬಲಗಣ್ಣಿನಲ್ಲಿ ಅಂಚಿನಿಂದ ಒಳಕ್ಕೆ ಬರುತ್ತಿತ್ತು. ಗಾಡಿ ಹತ್ತುವಾಗ ಕೈ ಹಿಡಿದುಕೊಂಡು, "ನಡೂಮಧ್ಯ ಇನ್ನೂ ಚೆನ್ನಾಗಿ ಕಾಣ್ತದೆ ನಾಯನಾ. ಈ ಚಳಿಗಾಲಕ್ಕೆ ನನ್ನ ಒಂದ್ಸಲ ಬೆಟ್ಟದ ಮೇಲಕ್ಕೆ ಕರ್ಕೊಂಡೋಗು. ಆಮೇಲೆ ಕಣ್ಣಿದ್ರೂ ಸರಿ, ಹೋದ್ರೂ ಸರಿ," ಎಂದಳು. ನಾನು ಮಾತು ಕೊಟ್ಟೆ. ಮಾತು ಕೊಡುವುದಕ್ಕೆ ತೀರಿಕ ಬೇಕಾಗಿಲ್ಲವಷ್ಟೆ.

ಮೈಸೂರು ನನ್ನನ್ನು ನುಂಗಿಕೊಂಡಿತು. ಹಗಲು ಪಾಠ, ಸಂಜೆ ಓಲೆಗರಿಗಳನ್ನು ಪ್ರತಿ ಮಾಡುವ ಕೆಲಸ, ಉಳಿದ ಹೊತ್ತಿನಲ್ಲಿ ಛಂದಸ್ಸು. ಇದರ ಮೇಲೆ ನನಗೆ ಇನ್ನೊಂದು ಗುಟ್ಟಿನ ವ್ಯಾಸಂಗವೂ ಇತ್ತು. ನಾನು ಬಾಯಿ ತೆರೆದರೆ ಸಾಕು, ವಿದ್ಯಾರ್ಥಿನಿಲಯದವರು "ಬಂದರಪ್ಪಾ ಕೋಲಾರದ ತೆಲುಗರು" ಎಂದು ನಗುತ್ತಿದ್ದರು. ರೋಸಿಹೋಗಿ ನನ್ನ ಮಾತಿನಲ್ಲಿದ್ದ ತೆಲುಗನ್ನೆಲ್ಲ ಒಂದೊಂದಾಗಿ ಹೆಕ್ಕಿ ಹೊರಗೆ ಹಾಕಿದೆ. ಆರು ತಿಂಗಳಲ್ಲಿ ನನ್ನ ಕನ್ನಡ ಎಷ್ಟು ಶುದ್ಧವಾಯಿತೆಂದರೆ ನನಗೇ ಅದರಲ್ಲಿ ಮಾತಾಡಲು ಸಂಕೋಚವಾಗುತ್ತಿತ್ತು.

ಡಿಸೆಂಬರಿನಲ್ಲಿ ನಮ್ಮ ಮೇಷ್ಟ್ರ ಬಳಿ ಹೋಗಿ ನಾಲ್ಕು ದಿನ ರಜೆ ಕೇಳಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, "ಏನು ವಿಶೇಷ?" ಎಂದರು. ಅಜ್ಜಿಗೆ ಬೆಟ್ಟ ತೋರಿಸಬೇಕು ಎಂದೆ. "ಚಳಿಗಾಲ ವರ್ಷವರ್ಷವೂ ಬರುತ್ತದೆ. ಎಂ.ಎ. ಹಾಗೆ ಬರುವುದಿಲ್ಲ," ಎಂದರು. ಅವರನ್ನೇಕೆ ದೂರಲಿ? ಹೊರಗೆ ಬಂದಾಗ ನನಗೆ ನಿಜವಾಗಿ ಹಗುರವೆನಿಸಿತು. ಪ್ರತಿ ಮಾಡುತ್ತಿದ್ದ ಓಲೆಗರಿ ಒಳ್ಳೆಯ ಘಟ್ಟಕ್ಕೆ ಬಂದಿತ್ತು. 'ಈ ಚಳಿಗಾಲಕ್ಕೆ ಬಿಡುವಿಲ್ಲ, ಮುಂದಿನದಕ್ಕೆ ಖಂಡಿತ' ಎಂದು ಊರಿಗೆ ಕಾರ್ಡು ಬರೆದು ಹಾಕಿದೆ. ಪೊರೆ ಮುಂದಿನ ಚಳಿಗಾಲದವರೆಗೆ ಕಾಯುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಕೇಳಿಕೊಳ್ಳಲಿಲ್ಲ.

ಹದಿನೈದು ದಿನಕ್ಕೆ ಊರಿನಲ್ಲಿ ಅವ್ವನ ಜೊತೆಗಿದ್ದ ಚಿಕ್ಕಪ್ಪನ ಕಾರ್ಡು ಬಂತು. ನಮ್ಮ ಚಿಕ್ಕಪ್ಪ ಮಾತಿನಲ್ಲೂ ಜಿಪುಣ, ಬರಹದಲ್ಲೂ ಜಿಪುಣ. ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: 'ಅವ್ವಗೆ ನಿನ್ನೆಗೆ ತೀರಿತು. ನೀನು ತಡಮಾಡದೆ ಹೊರಟು ಬರುವುದು. ಎಲ್ಲರೂ ನಿನ್ನ ದಾರಿ ಕಾಯುತ್ತಿದ್ದಾರೆ.'

ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತೆ. 'ಅವ್ವಗೆ' ಎಂಬ ಚತುರ್ಥಿ ವಿಭಕ್ತಿ ಆ ಗಳಿಗೆಯಲ್ಲೂ ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಚಿಕ್ಕಪ್ಪನ ವಿಭಕ್ತಿಗಳನ್ನು ನಾನು ಎಂದೂ ನಂಬಿದವನಲ್ಲ, ಮನಸ್ಸಿನಲ್ಲೇ 'ಅವ್ವ ತೀರಿಕೊಂಡಳು' ಎಂದು ತಿದ್ದಿಕೊಂಡೆ. ಹಾಗೆ ವಿಭಕ್ತಿಯನ್ನು ತಿದ್ದಿ ಅಜ್ಜಿಯನ್ನು ಕೊಂದೆ. ನನ್ನ ಕೋಣೆಯ ಗೆಳೆಯ ಶ್ರೀಕಂಠ ಕಾರ್ಡು ಓದಿ, "ಅಯ್ಯೋ, ನಿಮ್ಮ ತಾಯಿ!" ಎಂದ. ತಾಯಿಯಲ್ಲ, ಅಜ್ಜಿ ಎಂದು ಬಿಕ್ಕುತ್ತಲೇ ತಿಳಿಸಿದೆ. ಅವನು ಆಚಾರದಲ್ಲಿ ಗಟ್ಟಿಗ. "ಏಳೋ, ಉಟ್ಟ ಬಟ್ಟೇಲೇ ತಲೆ ಮೇಲೆ ನೀರು ಹಾಕ್ಕೋಬೇಕು ಕಣೋ," ಎಂದು ತಾನೇ ನಾಲ್ಕು ಚೊಂಬು ಸುರಿದ. ಒದ್ದೆ ತಲೆಯಲ್ಲೇ ಮೇಷ್ಟ್ರ ಮನೆಗೆ ಓಡಿದೆ. ಅವರು ಎದ್ದು ನಿಂತರು. ಪಾಪ, ಅವರ ಕಣ್ಣೂ ಒದ್ದೆಯಾಯಿತು. "ಹೊರಡಿ, ಹೊರಡಿ. ಎಷ್ಟು ದಿನ ಬೇಕಾದರೂ ಇದ್ದು ಬನ್ನಿ," ಎಂದರು. ನಾಲ್ಕು ದಿನ ಕೇಳಿದಾಗ ಸಿಗದ ರಜೆ ಕೇಳದೆಯೇ ಎಷ್ಟು ಬೇಕಾದರೂ ಸಿಕ್ಕಿತು.

ಬೆಂಗಳೂರಿನವರೆಗೆ ರೈಲು, ಅಲ್ಲಿಂದ ಇದ್ದಲು ಸುಟ್ಟು ಓಡುವ ಯುದ್ಧಕಾಲದ ಬಸ್ಸು. ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ಅಳುವುದು, ಸೀನುವುದು, ಬಸ್ಸು ತಳ್ಳುವುದು, ಮೂರನ್ನೂ ಸರದಿಯಂತೆ ಮಾಡುತ್ತ ಕೋಲಾರ ದಾಟಿದೆ. ರಸ್ತೆಯಲ್ಲಿ ಇಳಿದು ಕೆರೆಯ ಏರಿಯ ಮೇಲೆ ನಡೆಯುವಾಗ, ಕೊಟ್ಟ ಮಾತು ನೆನಪಾಗಿ ಬೆಟ್ಟದ ಕಡೆ ತಲೆ ಎತ್ತಲಾರದೆ ಹೋದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಮನೆಯ ಜಗಲಿಯ ಮೇಲೆ ಅವ್ವ ಕಾಲು ಚಾಚಿಕೊಂಡು, ನೆನೆಸಿದ ಅವರೆಕಾಳನ್ನು ಹಿದುಕುತ್ತ ಕೂತಿದ್ದಳು.

"ಏನ್ಲಾ, ಮುಖ ಯಾಕೆ ಹಿಂಗೈತೆ? ನೆಗಡಿ ಮಾಡ್ಕೊಂಡ್ಯಾ?" ಎಂದಳು.

ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಹಿದುಕಿದ ಬೇಳೆಯೆಲ್ಲ ಚೆಲ್ಲಿತು. ಒಳಗಿನಿಂದ ಬಂದ ಚಿಕ್ಕಪ್ಪನಿಗೆ ಕಾರ್ಡು ತೋರಿಸಿ ಕೂಗಾಡಿದೆ. ಅವನಿಗೆ ನನ್ನ ಸಿಟ್ಟಿನ ತಲೆಬುಡ ತಿಳಿಯಲಿಲ್ಲ. "ತೀರಿತು ಅಂದ್ರೆ ತೀರಿತು ಅಂತ ಕಣೋ. ರಾಗಿ ಕಣದಿಂದ ಒಳಕ್ಕೆ ಬಂತು, ಹಸ ಈದಾಯ್ತು. ನೀನು ಬರಲ್ಲ ಅಂತ ಬರೆದ್ರೂ ಕೇಳ್ದೆ, ಬೆಟ್ಟಕ್ಕೆ ಹೋಗೋಣ ಅಂತ ಸೀರೆ ಒಗ್ದು ಇಟ್ಕೊಂಡು ಕೂತವ್ಳೆ. ಇನ್ನೇನು ಬರೀಬೇಕಾಗಿತ್ತು?" ಎಂದ. ಸಂಗತಿ ತಿಳಿದ ಮೇಲೆ ಅವ್ವ ಕೆಮ್ಮು ಬರುವವರೆಗೂ ನಕ್ಕಳು. "ಸತ್ತೆ ಅಂತ ಸುಳ್ಳು ಸುದ್ದಿ ಬಂದ್ರೆ ಆಯಸ್ಸು ಗಟ್ಟಿ ಅಂತಾರೆ. ಒಳ್ಳೇದೇ ಮಾಡ್ದೆ ಬಿಡು," ಎಂದು ನನ್ನ ತಲೆ ನೇವರಿಸಿದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಚಿಕ್ಕಮ್ಮ ರಾಗಿರೊಟ್ಟಿ ಕಟ್ಟಿಕೊಟ್ಟಳು. ಅವ್ವನನ್ನು ಕೈಹಿಡಿದು ಹತ್ತಿಸುವವನು ನಾನು ಎಂಬುದು ನಮ್ಮ ಏರ್ಪಾಡು. ಅರ್ಧ ಬೆಟ್ಟದಲ್ಲಿ ಅದು ತಿರುಗುಮುರುಗಾಯಿತು. ಗ್ರಂಥಾಲಯದ ಬೆಂಚಿಗೆ ಒಗ್ಗಿಹೋದ ನಾನು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಅವಳು ಬರಿಗಾಲಿನ ಹೆಬ್ಬೆರಳಿಂದ ಬಂಡೆಯನ್ನು ತಡವಿ ತಡವಿ ಮುಂದೆ ಹೋಗಿ, ನಿಂತು, ಕೋಲನ್ನು ನನ್ನ ಕಡೆ ಚಾಚುತ್ತಿದ್ದಳು.

ಮೇಲೆ ಬಂದು ನೋಡಿದರೆ ಊರೇ ಇಲ್ಲ. ಕೆರೆಯಿಲ್ಲ, ಹೊಲವಿಲ್ಲ, ದಾರಿಯಿಲ್ಲ. ಬೆಟ್ಟದ ಕೆಳಗೆಲ್ಲ ಬಿಳಿಯ ಮಂಜು ತುಂಬಿ ನಿಂತಿತ್ತು. ದೂರದಲ್ಲಿ ಆವಣಿಯ ಬೆಟ್ಟ, ಇನ್ನೂ ಹೆಸರು ಗೊತ್ತಿಲ್ಲದ ಹತ್ತಾರು ಬೆಟ್ಟಗಳು ತಲೆ ಮಾತ್ರ ಹೊರಗೆ ಹಾಕಿದ್ದವು. ಆ ಬಿಳುಪಿನೊಳಗಿನಿಂದ ಸದ್ದು ಮಾತ್ರ ಬರುತ್ತಿತ್ತು: ಕೋಳಿ ಕೂಗು, ಹಸುವಿನ ಅಂಬಾ, ಎತ್ತು ಕಟ್ಟಿ ನೀರೆಳೆಯುವ ಕಪಿಲೆಬಾವಿಯ ಗಾಲಿ ಕಿರುಗುಟ್ಟುವುದು. ಅವ್ವ ಬಂಡೆಯ ಮೇಲೆ ಕೂತು ಒಂದೊಂದೇ ಸದ್ದನ್ನು ಗುರುತು ಹಿಡಿದಳು. "ಅದು ನಮ್ಮ ಕೆಂದ ಹಸ. ಅದು ಪೂಜಾರಮ್ಮನ ಬಾವಿ, ಗಾಲಿಗೆ ಎಣ್ಣೆ ಹಾಕು ಅಂತ ಎಷ್ಟು ಸಲ ಹೇಳ್ದೆ ಅವಳಿಗೆ." ನನಗೆ ಎರಡು ಕಣ್ಣಿದ್ದೂ ಬರೀ ಬಿಳುಪು ಕಾಣುತ್ತಿದ್ದಾಗ ಅವಳಿಗೆ ಇಡೀ ಊರು ಕಾಣುತ್ತಿತ್ತು.

ಆಮೇಲೆ ಬಿಸಿಲು ಬಂತು. ಮಂಜು ನಡುವೆ ಬಿರಿದು ಎರಡು ಕಡೆಗೆ ಸರಿಯಿತು. ಅದರ ಅಡಿಯಿಂದ ಕೆರೆ ಎದ್ದು ಬಂತು. ನಮ್ಮ ಹಳೆಯ ಕಾವ್ಯಗಳಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂಬುದು ನಿಯಮ. ಸೂರ್ಯೋದಯ, ಪರ್ವತ, ಸಾಗರ ಎಲ್ಲವನ್ನೂ ನಾನು ಬಾಯಿಪಾಠ ಮಾಡಿದ್ದವನು. ಅಲ್ಲಿ ನಿಂತಾಗ ಅರ್ಧ ಸಾಲೂ ನಾಲಗೆಗೆ ಬರಲಿಲ್ಲ. ಹುಟ್ಟಿದಂದಿನಿಂದ ಈಜಿದ, ಎಮ್ಮೆ ತೊಳೆದ ಕೆರೆ ಅದು; ಆದರೆ ಈ ಬೆಟ್ಟವನ್ನು ನಾನೂ ಎಂದೂ ಹತ್ತಿರಲಿಲ್ಲ. ಅದು ಇಷ್ಟು ದೊಡ್ಡದೆಂದೂ, ಬೆಟ್ಟಗಳ ಸಂದಿಯಲ್ಲಿ ಅಷ್ಟು ದೂರ ಕೈ ಚಾಚಿದೆಯೆಂದೂ, ಒಂದು ಸಲಕ್ಕೇ ಇಡಿಯಾಗಿ ಹೊಳೆಯುತ್ತದೆಂದೂ ನನಗೆ ಗೊತ್ತಿರಲಿಲ್ಲ. ಮನುಷ್ಯರು ಮಂಕರಿಯಲ್ಲಿ ಮಣ್ಣು ಹೊತ್ತು ಇಷ್ಟು ನೀರನ್ನು ನಿಲ್ಲಿಸಿದರಲ್ಲ ಎಂದುಕೊಂಡೆ. ನೀರಿನ ಮೇಲಿಂದ ಒಂದು ಹಿಂಡು ಹಕ್ಕಿ ಎದ್ದು ನಮ್ಮ ಕಾಲಿನ ಕೆಳಗೇ ಹಾರಿಹೋಯಿತು. ಹಕ್ಕಿಯ ಬೆನ್ನನ್ನು ನಾನು ಅದೇ ಮೊದಲು ನೋಡಿದ್ದು.

ಅವ್ವ ಕೈಮುಗಿದಿದ್ದಳು. ಬಲಗಣ್ಣಿನ ನಡುವಿನಿಂದ ನೋಡಲು ತಲೆಯನ್ನು ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುತ್ತಿದ್ದಳು.

"ಬಟ್ಟೆ ಒಗೆಯೋ ಸೋಪಾನ, ತೂಬು, ದನ ಇಳಿಯೋ ಕಡೆ, ಎಲ್ಲಾ ಒಂದೇ ನೀರಾ?" ಎಂದಳು.

"ಒಂದೇ ಅವ್ವಾ."

"ನಮ್ಮನೆ ಎಲ್ಲಿ?"

ಬೆರಳು ಹಿಡಿದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಆಶ್ಚರ್ಯದಿಂದ ನಕ್ಕಳು. "ಅಷ್ಟೇ ಅಷ್ಟಗಲ ಮನೆ! ಅದನ್ನ ಗುಡ್ಸಿ ಸಾರ್ಸೋದ್ರಲ್ಲಿ ನನಗೆ ಇದನ್ನ ನೋಡೋಕೆ ತೀರಿಕ ಇರ್ಲಿಲ್ವಲ್ಲಾ."

ರೊಟ್ಟಿ ತಿಂದಾಯಿತು. ಬಿಸಿಲು ಏರಿತು. ನನ್ನ ತಲೆಯೊಳಗೆ ಓಲೆಗರಿ ಆಗಲೇ ಸದ್ದು ಮಾಡತೊಡಗಿತ್ತು. ಮಧ್ಯಾಹ್ನದ ಬಸ್ಸು ಹಿಡಿದರೆ ನಾಳೆಯ ಪಾಠಕ್ಕೆ ಹೋಗಬಹುದು. "ಇಳಿಯೋಣವಾ ಅವ್ವಾ? ಬಸ್ಸಿಗೆ ಹೊತ್ತಾಗ್ತದೆ," ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಸಿಟ್ಟಿಲ್ಲದೆ, ಮಾಮೂಲು ಮಾತಿನಂತೆ ಹೇಳಿದಳು: "ನಾನು ಸತ್ತೆ ಅಂದ್ರೆ ನಿನಗೆ ತೀರಿತು. ಬದುಕಿದ್ದೀನಿ, ಈಗ ತೀರಲ್ವಾ ನಾಯನಾ?"

ಮೈಸೂರಿನ ಎಷ್ಟೋ ಪಾಠಗಳನ್ನು ಮರೆತಿದ್ದೇನೆ, ಇದನ್ನು ಮರೆತಿಲ್ಲ. ಮತ್ತೆ ಅವಳ ಪಕ್ಕದಲ್ಲಿ ಕೂತೆ. ಬಸ್ಸು ಕೆಳಗಿನ ರಸ್ತೆಯಲ್ಲಿ ಹೊಗೆ ಬಿಡುತ್ತ ತೆವಳಿಕೊಂಡು ಹೋಯಿತು. ಮರುದಿನವೂ ಹೋಯಿತು. ನಾನು ಹತ್ತಿದ್ದು ಆರನೆಯ ದಿನದ ಬಸ್ಸನ್ನು. ಮುಂದಿನ ಚಳಿಗಾಲದ ಹೊತ್ತಿಗೆ ಅವ್ವನ ಬಲಗಣ್ಣೂ ಹೋಗಿತ್ತು. ಆದರೆ ಮನೆಗೆ ಯಾರು ಬಂದರೂ ಕೂರಿಸಿಕೊಂಡು, ತೋರುಬೆರಳಿನಿಂದ ಗಾಳಿಯಲ್ಲಿ ಕೆರೆಯ ಆಕಾರ ಬರೆದು ತೋರಿಸುತ್ತಿದ್ದಳು. ಒಂದು ತಿರುವೂ ತಪ್ಪುತ್ತಿರಲಿಲ್ಲ.

ಆ ಸಲ ಮೈಸೂರಿಗೆ ಹಿಂದಿರುಗಿದಾಗ ಮೇಷ್ಟ್ರು, "ಕಾರ್ಯಗಳೆಲ್ಲ ಸಾಂಗವಾಗಿ ನಡೆದುವೇ?" ಎಂದು ಮೆಲ್ಲಗೆ ವಿಚಾರಿಸಿದರು. ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಅವ್ವನನ್ನು ಎರಡನೆಯ ಸಲ ಕೊಲ್ಲಲು ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಾರ್ಡನ್ನು ಅವರ ಮುಂದಿಟ್ಟೆ. ಅವರು ಎರಡು ಸಲ ಓದಿದರು.

"ಚತುರ್ಥಿ ಸರಿಯಾಗಿಯೇ ಇದೆಯಲ್ಲಯ್ಯ. ನಿಮ್ಮ ಚಿಕ್ಕಪ್ಪ ತಪ್ಪು ಮಾಡಿಲ್ಲ," ಎಂದರು. ಕಾರ್ಡಿನಿಂದ ತಲೆ ಎತ್ತಿ, "ಅಜ್ಜಿಯವರಿಗೆ ಬೆಟ್ಟ ಹತ್ತಲು ಆಯಿತೇ?" ಎಂದರು.

"ನನಗಿಂತ ಮೊದಲು ಹತ್ತಿದಳು ಸಾರ್."

ಅವರು ಕಾರ್ಡನ್ನು ಹಿಂದಕ್ಕೆ ಕೊಟ್ಟು ಪಾಠಕ್ಕೆ ತೊಡಗಿದರು. ಬೈಗುಳ ಬರುತ್ತದೆಂದು ಕಾದೆ, ಬರಲಿಲ್ಲ.

ಮುಂದಿನ ಸೋಮವಾರ ಹೋಗಿ ನೋಡಿದರೆ ನಮ್ಮ ತರಗತಿಯ ಬಾಗಿಲು ಹಾಕಿತ್ತು. ಹದಿನೈದು ವರ್ಷದಲ್ಲಿ ಒಂದು ದಿನವೂ ರಜೆ ಹಾಕದವರೆಂದು ಮೇಷ್ಟ್ರಿಗೆ ಹೆಸರು. ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದ ಜವಾನ, "ಊರಿಗೆ ಹೋಗವ್ರೆ, ಈ ವಾರ ಬರಾಕಿಲ್ಲ," ಎಂದ.

ಶ್ರೀಕಂಠ ಗಾಬರಿಯಾಗಿ, "ಅಯ್ಯೋ, ಯಾರು ಹೋಗ್ಬಿಟ್ರಂತೆ?" ಎಂದು ಕೇಳಿದ.

"ಯಾರೂ ಹೋಗಿಲ್ವಂತೆ ಸ್ವಾಮಿ," ಎಂದ ಜವಾನ. "ಎಲ್ರೂ ಚೆನ್ನಾಗವ್ರಂತೆ. ಅದಕ್ಕೇ ಹೋಗವ್ರೆ."